ಕೆಂಪುಂಡೆ ಬಿಟ್ಟವರು ಯಾರು?

ಬ್ಲರ್ ಎಂಬ ಕಾರ್ ರೇಸಿನ ಕಂಪ್ಯೂಟರ್ ಆಟ ನಮ್ಮ ಹಾಸ್ಟೆಲ್ಲಿಗೆ ಬಂದದ್ದು ಸೀನಿಯರ್ ಒಬ್ಬರ ಹಾರ್ಡ್‌ಡಿಸ್ಕಿನಲ್ಲಿ, ‘ವಿಟಿಯು ನೋಟ್ಸ್’ ಎಂಬ ಫೋಲ್ಡರಿನ ಒಳಗೆ. ಆ ಹೆಸರಿಟ್ಟರೆ ಮನೆಯಲ್ಲಿ ಯಾರೂ ತೆರೆದು ನೋಡುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ನಾವೂ ತೆರೆಯುತ್ತಿರಲಿಲ್ಲವೇನೋ, ಆದರೆ ಅದರ ಗಾತ್ರ ಹಲವು ಜಿಬಿ ಇತ್ತು. ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯವಾದ ವಿಟಿಯು ಎಷ್ಟೇ ಸಿಲೆಬಸ್ ಕೊಟ್ಟರೂ ನೋಟ್ಸು ಅಷ್ಟು ಭಾರವಾಗುವುದಿಲ್ಲ. ಅಂತೂ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿ ಒಂದೇ ವಾರಾಂತ್ಯದಲ್ಲಿ ಇಡೀ ಎರಡನೇ ಮಹಡಿಗೆ ಹಬ್ಬಿತು. ಆಟ ಬಿಡುಗಡೆಯಾಗಿದ್ದು 2010ರ ಮೇ ತಿಂಗಳ ಕೊನೆಗೆ. ನಮ್ಮ ಕೈಗೆ ಸಿಗುವ ಹೊತ್ತಿಗೆ ಅದನ್ನು ಮಾಡಿದ ಕಂಪನಿಯೇ ಬಾಗಿಲು ಹಾಕಿತ್ತು. ನಮಗೇನು ಗೊತ್ತು? ಸತ್ತ ನಕ್ಷತ್ರದ ಬೆಳಕು ನೋಡುತ್ತಿದ್ದೇವೆ ಅಂತ ಗೊತ್ತಿದ್ದರೂ ನಾವೇನೂ ಅಳುತ್ತಿರಲಿಲ್ಲ, ಮುಂದಿನ ರೇಸಿಗೆ ಕಾರು ಆರಿಸಿಕೊಳ್ಳುತ್ತಿದ್ದೆವು.

ಮೊದಲ ಸಲ ಕೂತಾಗ ನನಗೆ ಆಟವೇ ಕಾಣಲಿಲ್ಲ. ಲಂಡನ್ನಿನ ಹ್ಯಾಕ್ನಿ ಬೀದಿಗಳಂತೆ, ಇಪ್ಪತ್ತು ಕಾರುಗಳಂತೆ, ಎಲ್ಲವೂ ಒಂದರ ಮೈಮೇಲೊಂದು. ರಸ್ತೆಯ ಮೇಲೆ ತೇಲುವ ಬಣ್ಣಬಣ್ಣದ ಚಿಹ್ನೆಗಳು, ಅವುಗಳ ನಡುವೆ ಯಾರದೋ ಹಿಂದಿನ ದೀಪ, ಯಾರದೋ ಸ್ಫೋಟ. ಹೆಸರು ಇಟ್ಟವನಿಗೆ ನಮಸ್ಕಾರ; ಮಸುಕಲ್ಲದೆ ಬೇರೇನೂ ಇರಲಿಲ್ಲ. ನಾನು ಕಟ್ಟಕಡೆಯವನಾಗಿ ಗುರಿ ಮುಟ್ಟಿದೆ. ವಿಚಿತ್ರವೆಂದರೆ ಬೇಸರವಾಗಲಿಲ್ಲ. ಹತ್ತೊಂಬತ್ತನೆಯವನನ್ನು ಒಂದು ಸಲ ಪಲ್ಟಿ ಹೊಡೆಸಿದ್ದೆ, ಅವನು ಪಕ್ಕದ ರೂಮಿನಿಂದ ಬೈದದ್ದು ಸ್ಪಷ್ಟವಾಗಿ ಕೇಳಿಸಿತ್ತು.

ಕಾರು ಓಡಿಸುವ ಆಟಕ್ಕೆ ಹೊಡೆದಾಟ ಸೇರಿಸುವುದು ಯಾರ ತಲೆಗೆ ಮೊದಲು ಹೊಳೆಯಿತೋ, ನಮ್ಮ ಮನೆಯ ಮಟ್ಟಿಗೆ ಅದು ಅಜ್ಜಿಯ ಕಾಲದ್ದು. ಚೌಕಾಬಾರ ಆಡಿದವರಿಗೆ ಬ್ಲರ್ ವಿವರಿಸಬೇಕಾಗಿಲ್ಲ. ಎಲ್ಲರೂ ಒಂದೇ ಹಾದಿಯಲ್ಲಿ ಸುತ್ತುತ್ತಾರೆ, ಮುಂದೆ ಹೋದವನ ಕಾಯಿಯನ್ನು ಹಿಂದಿನವನು ಹೊಡೆದು ಮನೆಗೆ ಕಳಿಸುತ್ತಾನೆ, ಕಟ್ಟೆಯಲ್ಲಿ ಕೂತವನಿಗೆ ಮಾತ್ರ ರಕ್ಷಣೆ. ನಮ್ಮ ಮನೆಯ ನಿಯಮದಲ್ಲಿ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವೇ ಇರಲಿಲ್ಲ. ಅಂದರೆ ಸಾಧುವಾಗಿ ಆಡಿ ಗೆಲ್ಲುವ ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ಮೊಮ್ಮಗನ ಕಾಯಿ ಹೊಡೆಯುವಾಗ ಅಜ್ಜಿಯ ಮುಖದಲ್ಲಿ ಕರುಣೆ ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಇದರ ರುಚಿ ತೋರಿಸಿದ್ದು ರೋಡ್ ರ‍್ಯಾಶ್. ಸೆಗಾ ಯಂತ್ರಕ್ಕೆ 1991ರಲ್ಲಿ ಬಂದು 1996ರಲ್ಲಿ ವಿಂಡೋಸಿಗೆ ಇಳಿದ ಈ ಬೈಕ್ ಆಟ, ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಕ್ಲಾಸುಗಳಲ್ಲಿ ಸರ್ ಟೀಗೆ ಹೋದ ತಕ್ಷಣ ತೆರೆದುಕೊಳ್ಳುತ್ತಿತ್ತು. ಪಕ್ಕದ ಸವಾರ ದೊಣ್ಣೆ ಬೀಸಿದಾಗ ಸರಿಯಾದ ಕ್ಷಣಕ್ಕೆ ಕೈ ಹಾಕಿದರೆ ದೊಣ್ಣೆ ನಮ್ಮದೇ. ಆ ಕಿತ್ತುಕೊಳ್ಳುವ ಸುಖದ ಮುಂದೆ ರೇಸ್ ಗೆಲ್ಲುವುದು ಸಪ್ಪೆ. ಒಂದೇ ಕೊರತೆ: ದೊಣ್ಣೆ ಕಳಕೊಂಡವನು ಕಂಪ್ಯೂಟರಿನೊಳಗಿನ ಬೊಂಬೆ. ಅವನಿಗೆ ಅವಮಾನವಾಗುವುದಿಲ್ಲ.

ಆಯುಧ ಎಸೆದಾಡುವ ಕಾರ್ಟ್ ಆಟಗಳ ವಂಶದ ಮೂಲಪುರುಷ ಜಪಾನಿನ ನಿಂಟೆಂಡೊದ ಸೂಪರ್ ಮಾರಿಯೋ ಕಾರ್ಟ್, 1992ರ ಆಗಸ್ಟಿನದು. ನಾನು ಅದನ್ನು ಆಡಿದ್ದು ತೀರಾ ತಡವಾಗಿ, ಆದರೆ ಅದರ ಹುಟ್ಟಿನ ಕಥೆ ನನಗೆ ಇಷ್ಟ. ಶಿಗೆರು ಮಿಯಾಮೊಟೊ ಅವರ ಮೇಲುಸ್ತುವಾರಿಯಲ್ಲಿ ಹಿಡೆಕಿ ಕೊನ್ನೊ, ತಡಾಶಿ ಸುಗಿಯಾಮ ಮಾಡಹೊರಟದ್ದು ಎಫ್-ಜೀರೊ ಎಂಬ ಮಹಾವೇಗದ ಆಟವನ್ನು ಇಬ್ಬರು ಒಟ್ಟಿಗೆ ಆಡುವ ಹಾಗೆ. ಪರದೆಯನ್ನು ಎರಡು ಭಾಗ ಮಾಡಿದರೆ ಆ ವೇಗ, ಅಷ್ಟುದ್ದದ ರಸ್ತೆ ನಿಂಟೆಂಡೊದ ಅಂದಿನ ಯಂತ್ರದಲ್ಲಿ ಹಿಡಿಸಲಿಲ್ಲ. ಹಾಗಾಗಿ ಹಾದಿಯನ್ನು ಸುರುಳಿ ಸುತ್ತಿದರು, ವಾಹನವನ್ನು ಪುಟ್ಟ ಕಾರ್ಟಿಗೆ ಇಳಿಸಿದರು. ಮಾರಿಯೋ ಬಂದು ಕೂತದ್ದು ಆಮೇಲೆ. ಶುರುವಿನಲ್ಲಿ ಎಸೆಯಲು ಇದ್ದದ್ದು ಎಣ್ಣೆ ಡಬ್ಬ, ಬಾಳೆಹಣ್ಣಿನ ಸಿಪ್ಪೆ ನಂತರದ ಸುಧಾರಣೆ. ಯಂತ್ರದ ಬಡತನದಿಂದ ಹುಟ್ಟಿದ ಆಟ ಅದು. ವೇಗ ಕೊಡಲಾಗದವರು ಜಗಳ ಕೊಟ್ಟರು.

ಆದರೆ ಮಾರಿಯೋ ಕಾರ್ಟಿನ ನ್ಯಾಯಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಅಲ್ಲಿ ಪ್ರಶ್ನೆಚಿಹ್ನೆಯ ಪೆಟ್ಟಿಗೆ ಒಡೆದರೆ ಏನು ಸಿಗುತ್ತದೆ ಎಂಬುದು ನೀವು ಎಷ್ಟನೆಯವರು ಎಂಬುದರ ಮೇಲೆ. ಮುಂದಿದ್ದವನಿಗೆ ಬಾಳೆಸಿಪ್ಪೆ, ಹಿಂದಿದ್ದವನಿಗೆ ಸಿಡಿಲು. 1996ರ ಮಾರಿಯೋ ಕಾರ್ಟ್ 64ರಲ್ಲಿ ಬಂದ ನೀಲಿ ಚಿಪ್ಪಂತೂ ಮೊದಲ ಸ್ಥಾನದಲ್ಲಿರುವವನನ್ನು ಹುಡುಕಿಕೊಂಡು ಹೋಗುತ್ತದೆ. ಚಿಕ್ಕ ಮಕ್ಕಳು, ಮಾವಂದಿರು, ಮೊದಲ ಸಲ ಆಡುವವರು ಎಲ್ಲ ಒಟ್ಟಿಗೆ ಕೂತಾಗ ಇದು ಸೊಗಸೇ. ಆದರೆ ಇಪ್ಪತ್ತು ವರ್ಷದ ಹುಡುಗರಿಗೆ ದಯೆ ಬೇಕಾಗಿರುವುದಿಲ್ಲ.

ಬ್ಲರ್ ದಯೆ ತೋರಿಸುವುದಿಲ್ಲ. ಅಲ್ಲಿ ಎಲ್ಲವೂ ರಸ್ತೆಯ ಮೇಲೆ ಬಹಿರಂಗ. ಯಾವ ಚಿಹ್ನೆ ಎಲ್ಲಿದೆ ಎಂದು ದೂರದಿಂದಲೇ ಕಾಣುತ್ತದೆ, ಬೇಕಾದ್ದರ ಕಡೆ ಸ್ಟಿಯರಿಂಗ್ ತಿರುಗಿಸಿಕೊಳ್ಳಬೇಕು. ಒಟ್ಟು ಎಂಟು ಬಗೆ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ್ದು ಮೂರು. ಶಂಟ್ ಎಂದರೆ ಮುಂದಿನವನ ಬೆನ್ನು ಹುಡುಕಿಕೊಂಡು ಹೋಗುವ ಕೆಂಪುಂಡೆ. ಬೋಲ್ಟಿನಲ್ಲಿ ಮೂರು ಗುಂಡು, ಗುರಿ ನಮ್ಮದೇ ಜವಾಬ್ದಾರಿ. ಬಾರ್ಜ್ ಸುತ್ತ ಇದ್ದವರನ್ನೆಲ್ಲ ಒಮ್ಮೆಗೇ ಆಚೆ ತಳ್ಳುತ್ತದೆ, ಸಂತೆಯಲ್ಲಿ ಮೊಣಕೈ ಬಿಟ್ಟ ಹಾಗೆ. ಶಾಕ್ ಮುಂಚೂಣಿಯವರ ಹಾದಿಯಲ್ಲಿ ಮಿಂಚಿನ ಗುಮ್ಮಟ ಎಬ್ಬಿಸುತ್ತದೆ. ಮೈನ್, ನೈಟ್ರೊ, ಶೀಲ್ಡ್, ರಿಪೇರಿಗಳ ಕೆಲಸ ಹೆಸರಲ್ಲೇ ಇದೆ.

ಇವುಗಳಲ್ಲಿ ಕೆಲವನ್ನು ಹಿಂದಕ್ಕೂ ಬಿಡಬಹುದು ಎಂದು ತಿಳಿದ ದಿನ ನಮ್ಮ ಮಹಡಿಯಲ್ಲಿ ರಾಜಕೀಯವೇ ಬದಲಾಯಿತು. ಕೆಂಪುಂಡೆ ಬೆನ್ನ ಹಿಂದೆ ಬರುತ್ತಿರುವ ಸೂಚನೆ ಪರದೆಯಲ್ಲಿ ಕಾಣುತ್ತದೆ. ಬಾರ್ಜ್ ಕೈಯಲ್ಲಿದ್ದು, ಉಂಡೆ ಇನ್ನೇನು ತಾಗಬೇಕು ಎನ್ನುವಾಗ ಅದನ್ನು ಒತ್ತಿದರೆ ಉಂಡೆ ಚೂರಾಗುತ್ತದೆ. ಒಂದು ಗಳಿಗೆ ಮುಂಚೆ ಒತ್ತಿದರೆ ವ್ಯರ್ಥ, ತಡವಾದರೆ ಕಾರು ಆಕಾಶದಲ್ಲಿ. ಇದನ್ನು ಕಲಿಯಲು ನಾನು ವ್ಯಯಿಸಿದ ಏಕಾಗ್ರತೆಯನ್ನು ಎಂ-3ಕ್ಕೆ, ಅಂದರೆ ಮೂರನೇ ಸೆಮಿಸ್ಟರಿನ ಗಣಿತಕ್ಕೆ, ಕೊಟ್ಟಿದ್ದರೆ ಎಂಬ ಮಾತನ್ನು ನನ್ನ ತಂದೆ ಹೇಳದೆ ಬಿಟ್ಟಿಲ್ಲ, ಹಾಗಾಗಿ ನಾನು ಮತ್ತೆ ಹೇಳುವುದಿಲ್ಲ.

ಬ್ಲರ್ ಮಾಡಿದವರ ಕಥೆ ನಾನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಇಂಗ್ಲೆಂಡಿನ ಲಿವರ್‌ಪೂಲಿನ ಬಿಜಾರ್ ಕ್ರಿಯೇಷನ್ಸ್, ಮಾರ್ಟಿನ್ ಚಡ್ಲಿ ಸ್ಥಾಪಿಸಿದ ಸ್ಟುಡಿಯೊ. ಕಾರಿನ ಆಟಗಳಲ್ಲಿ ಅವರು ಅಡ್ಡಕಸುಬಿಗಳಲ್ಲ. 1996ರಲ್ಲಿ ಪ್ಲೇಸ್ಟೇಷನ್‌ಗೆ ಫಾರ್ಮುಲಾ ಒನ್, ಡ್ರೀಮ್‌ಕಾಸ್ಟ್‌ಗೆ ಮೆಟ್ರೊಪೊಲಿಸ್ ಸ್ಟ್ರೀಟ್ ರೇಸರ್, ಆಮೇಲೆ ಎಕ್ಸ್‌ಬಾಕ್ಸಿನ ಜೊತೆಗೇ ಬಂದ ಪ್ರಾಜೆಕ್ಟ್ ಗೋಥಮ್ ರೇಸಿಂಗ್. ಚಂದವಾಗಿ ಓಡಿಸಿದವರಿಗೆ ಅಂಕ ಕೊಡುವ, ಸಭ್ಯ ಸಂಪ್ರದಾಯದ ಆಟಗಳು. 2007ರಲ್ಲಿ ಆಕ್ಟಿವಿಷನ್ ಅವರನ್ನು ಕೊಂಡುಕೊಂಡಿತು. ಅಷ್ಟು ವರ್ಷ ಶಿಸ್ತಾಗಿ ಕಾರು ಓಡಿಸಿದವರಿಗೆ ಒಂದು ಸಲ ಕೈಬಿಟ್ಟು ಜಗಳವಾಡೋಣ ಅನಿಸಿತೋ ಏನೋ, ಬಿಎಂಡಬ್ಲ್ಯು, ಡಾಡ್ಜ್, ಫೋರ್ಡ್‌ಗಳಂಥ ನಿಜದ ಕಾರುಗಳ ಕೈಗೆ ಮಾರಿಯೋನ ಆಯುಧ ಕೊಟ್ಟರು. ಜಾಹೀರಾತಿನಲ್ಲಿ ಮುದ್ದುಮುದ್ದಾದ ಕಾರ್ಟ್ ಬೊಂಬೆಗಳನ್ನು ಗೇಲಿ ಮಾಡಿ, ದೊಡ್ಡವರ ಹಾಗೆ ಓಡಿಸಿ ಎಂದರು. ನಿಂಟೆಂಡೊದ ಹೆಸರೆತ್ತದೆ ನಿಂಟೆಂಡೊದ ಕಾಲೆಳೆಯುವ ಕಿಲಾಡಿತನ.

2009ರ ಕೊನೆಗೆ ಬರಬೇಕಾಗಿದ್ದ ಆಟವನ್ನು ಮುಂದಿನ ವರ್ಷಕ್ಕೆ ತಳ್ಳಿದರು. ಮಾರ್ಚಿನಲ್ಲಿ ಎಕ್ಸ್‌ಬಾಕ್ಸ್ 360ರ ಮೇಲೆ ಆನ್‌ಲೈನ್ ಬೀಟಾ ಬಿಟ್ಟು ಆಸೆ ಹುಟ್ಟಿಸಿದರು. ಆದರೆ ಆ ಮೇ ತಿಂಗಳು ಅಂಗಡಿಗಳಲ್ಲಿ ಜಾಗವೇ ಇರಲಿಲ್ಲ. ಒಂದೇ ವಾರದ ಹಿಂದೆ ಸ್ಪ್ಲಿಟ್/ಸೆಕೆಂಡ್ ಬಂದಿತ್ತು, ಅದೂ ರೇಸಿನ ನಡುವೆ ಸೇತುವೆ, ಕಟ್ಟಡ ಉರುಳಿಸುವ ಆಟ. ಕಾರ್ಟ್ ಪ್ರಿಯರಿಗೆ ಮಾಡ್‌ನೇಷನ್ ರೇಸರ್ಸ್, ಉಳಿದವರ ಜೇಬು ಖಾಲಿ ಮಾಡಲು ರೆಡ್ ಡೆಡ್ ರಿಡೆಂಪ್ಷನ್. ಒಂದೇ ಬಸ್‌ಸ್ಟಾಂಡಿನಿಂದ ಒಂದೇ ಊರಿಗೆ ಒಂದೇ ಹೊತ್ತಿಗೆ ಹೊರಟವರಲ್ಲಿ ಇಬ್ಬರು ಕೆಟ್ಟರು. 2011ರ ಫೆಬ್ರುವರಿಯಲ್ಲಿ ಬಿಜಾರ್ ಮುಚ್ಚಿತು, ಅದೇ ವರ್ಷ ಸ್ಪ್ಲಿಟ್/ಸೆಕೆಂಡ್ ಮಾಡಿದ ಬ್ರೈಟನ್ನಿನ ಬ್ಲ್ಯಾಕ್ ರಾಕ್ ಸ್ಟುಡಿಯೊ ಕೂಡ. ಬಿಜಾರ್‌ನ ಕೆಲವರು ಲಿವರ್‌ಪೂಲಿನಲ್ಲೇ ಲ್ಯೂಸಿಡ್ ಗೇಮ್ಸ್ ಎಂಬ ಹೊಸ ಅಂಗಡಿ ತೆರೆದರು.

ಬಿಜಾರ್‌ನವರು ಬ್ಲರ್ ಕಟ್ಟಿದ್ದು ಬಹುಮಟ್ಟಿಗೆ ಇಂಟರ್‌ನೆಟ್ಟಿನ ಅಪರಿಚಿತರಿಗಾಗಿ. ಕಾಲ್ ಆಫ್ ಡ್ಯೂಟಿ ಎಂಬ ಗುಂಡಿನಾಟದ ಹಾಗೆ ದರ್ಜೆ ಏರುವುದು, ಏರಿದಂತೆ ಹೊಸ ಕಾರು, ಹೊಸ ಸವಲತ್ತು, ಅಭಿಮಾನಿಗಳ ಸಂಖ್ಯೆ, ಏನೇನೋ. ನಮ್ಮ ಹಾಸ್ಟೆಲ್ಲಿನಲ್ಲಿ ಇದ್ಯಾವುದನ್ನೂ ಯಾರೂ ತಿರುಗಿ ನೋಡಲಿಲ್ಲ. ನಮಗೆ ಬೇಕಾದ್ದು ಲ್ಯಾನ್, ಅಂದರೆ ಕಂಪ್ಯೂಟರುಗಳನ್ನು ಕೇಬಲ್ಲಿನಲ್ಲಿ ಪೋಣಿಸಿದ ನಮ್ಮದೇ ಜಾಲ. ಒಬ್ಬನ ರೂಮಿನಲ್ಲಿ ಎಂಟು ಪೋರ್ಟಿನ ಸ್ವಿಚ್ಚು, ಅಲ್ಲಿಂದ ಕಿಟಕಿ, ವೆಂಟಿಲೇಟರು, ಬಟ್ಟೆ ಒಣಹಾಕುವ ಹಗ್ಗ ಹಿಡಿದು ಹರಿದ ನೀಲಿ ಕೇಬಲ್ಲು. ಕೌಂಟರ್-ಸ್ಟ್ರೈಕಿಗೂ ಡೋಟಾಗೂ ಅದೇ ಕೇಬಲ್ಲು. ಕರ್ನಾಟಕದ ಯಾವ ಇಂಜಿನಿಯರಿಂಗ್ ಹಾಸ್ಟೆಲ್ಲಿನ ಹುಡುಗನನ್ನು ಆಮೇಲೆ ಭೇಟಿಯಾದರೂ ಬ್ಲರ್ ಎಂದೊಡನೆ ಅವನ ಕಣ್ಣು ಮಿನುಗುತ್ತದೆ. ಕಂಪನಿ ಸತ್ತಿತೋ ಬದುಕಿತೋ, ಲ್ಯಾನಿಗೆ ಯಾರ ಸರ್ವರಿನ ಹಂಗೂ ಇರಲಿಲ್ಲ. ವಾರ್ಡನ್ನಿನ ಹಂಗೊಂದು ಇತ್ತು.

ಅಲ್ಲಿ ಆಡುತ್ತ ನನಗೆ ತಿಳಿದದ್ದು, ಇಂಥ ಆಟದಲ್ಲಿ ಹೊಡೆತಕ್ಕಿಂತ ಹೊಡೆಸಿಕೊಂಡವನ ಕೂಗು ಮುಖ್ಯ ಎಂಬುದು. ಕೆಂಪುಂಡೆ ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡು ಕೂರಬೇಕು. ಕಾರಿಡಾರಿನ ಆ ತುದಿಯಿಂದ ಬೀದರಿನ ಕನ್ನಡದಲ್ಲಿ ಒಂದು ಬೈಗುಳ ಬಂದರೆ ಗುರಿ ಸರಿ. ಕುಂದಾಪುರದ ಕನ್ನಡದಲ್ಲಿ ಬಂದರೆ ಬೇರೆಯವನಿಗೆ ತಾಗಿದೆ, ಊಟದ ಸಾಲಿನಲ್ಲಿ ಸಮಜಾಯಿಷಿ ಕೊಡಬೇಕಾಗುತ್ತದೆ. ಬೈಗುಳ ಬರದೆ ಮೌನವಾದರೆ ಅವನು ಬಾರ್ಜ್ ಒತ್ತಿ ಬದುಕಿದ್ದಾನೆ, ಈಗ ನಮ್ಮ ಸರದಿ. ಇಂಟರ್‌ನೆಟ್ಟಿನ ಅಪರಿಚಿತ ಎದುರಾಳಿಗೆ ಹೆಸರಿನ ಜಾಗದಲ್ಲಿ ಅಂಕಿಗಳಿರುತ್ತವೆ. ಅವನನ್ನು ಉರುಳಿಸಿದರೆ ರೋಡ್ ರ‍್ಯಾಶಿನ ಬೊಂಬೆಯಿಂದ ದೊಣ್ಣೆ ಕಿತ್ತಷ್ಟೇ ಸುಖ.

2020ರ ಲಾಕ್‌ಡೌನಿನಲ್ಲಿ ಹಳೇ ಗುಂಪು ಮತ್ತೆ ಸೇರಿತು. ಬ್ಲರ್ ಅಷ್ಟರಲ್ಲಿ ಸ್ಟೀಮ್ ಅಂಗಡಿಯಿಂದಲೂ ಮಾಯವಾಗಿತ್ತು, ನಿಜದ ಕಾರುಗಳ ಪರವಾನಗಿ ಹೊತ್ತ ಆಟಗಳಿಗೆ ಮಾಮೂಲಾದ ಗತಿ. ಆದರೆ ‘ವಿಟಿಯು ನೋಟ್ಸ್’ ಎಲ್ಲಿಗೂ ಹೋಗಿರಲಿಲ್ಲ. ಒಬ್ಬ ಡಲ್ಲಾಸಿನಲ್ಲಿ, ಒಬ್ಬ ಮ್ಯೂನಿಕ್ಕಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ. ದೂರದ ಕಂಪ್ಯೂಟರುಗಳನ್ನು ಒಂದೇ ಲ್ಯಾನಿನಲ್ಲಿವೆ ಎಂದು ನಂಬಿಸುವ ತಂತ್ರಾಂಶ ಹಾಕಿಕೊಂಡೆವು. ಆಟ ನಂಬಿತು, ಭೂಮಿ ನಂಬಲಿಲ್ಲ. ಡಲ್ಲಾಸಿಗೆ ಸಂದೇಶ ಹೋಗಿ ಬರಲು ಕಾಲು ಸೆಕೆಂಡು ಹಿಡಿಯುತ್ತಿತ್ತು. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಹದಿನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ, ಸರಿಸುಮಾರು ಮೂರು ಕಾರುಗಳ ಉದ್ದ. ಹಾಗಾಗಿ ಇಂಥ ಆಟಗಳಲ್ಲಿ ಪ್ರತಿ ಕಂಪ್ಯೂಟರೂ ಉಳಿದವರು ಎಲ್ಲಿರಬಹುದು ಎಂದು ಊಹಿಸಿ ತೋರಿಸುತ್ತಿರುತ್ತದೆ. ನನ್ನ ಪರದೆಯಲ್ಲಿ ಉಂಡೆ ಅವನ ಬೆನ್ನಿಗೆ ತಾಗಿದೆ, ಅವನ ಪರದೆಯಲ್ಲಿ ಅವನು ಬಾರ್ಜ್ ಒತ್ತಿ ನಗುತ್ತಿದ್ದಾನೆ. ಇಬ್ಬರದೂ ಸತ್ಯ.

ಜಗಳಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ? ಹೆಡ್‌ಫೋನಿನಲ್ಲಿ ಬೀದರಿನ ಬೈಗುಳ ಡಲ್ಲಾಸಿನಿಂದ ತುಸು ತಡವಾಗಿ ಬಂದರೂ ಖಾರ ಕಮ್ಮಿಯಾಗಿರಲಿಲ್ಲ. ಹೋಸ್ಟ್, ಅಂದರೆ ಆಟ ನಡೆಸಿಕೊಡುವವನು, ಆದವನ ಕಂಪ್ಯೂಟರಿಗೆ ಎಲ್ಲವೂ ಮೊದಲು ತಿಳಿಯುತ್ತದೆ, ಅದು ಅನ್ಯಾಯ ಎಂಬ ದೂರು ಎದ್ದಿತು. ಭೂಪಟ ತೆಗೆದು, ಹೆಚ್ಚುಕಮ್ಮಿ ಎಲ್ಲರಿಗೂ ನಡುವೆ ಬೀಳುವುದು ಮ್ಯೂನಿಕ್ ಎಂದು ತೀರ್ಮಾನಿಸಿ ಅವನನ್ನೇ ಹೋಸ್ಟ್ ಮಾಡಿದೆವು. ಆ ರಾತ್ರಿ ಎಲ್ಲ ರೇಸುಗಳನ್ನೂ ಅವನೇ ಗೆದ್ದ. ಹಾಸ್ಟೆಲ್ಲಿನಲ್ಲಿ ಅವನು ನನ್ನ ಹಿಂದೆಯೇ ಇರುತ್ತಿದ್ದವನು. ಹುಬ್ಬಳ್ಳಿಯವನು ಈಗ ಹೋಸ್ಟನ್ನು ಪಾಳಿ ಪ್ರಕಾರ ಬದಲಾಯಿಸಬೇಕು ಎಂದು ಹಟ ಹಿಡಿದಿದ್ದಾನೆ, ಮ್ಯೂನಿಕ್ಕಿನವನು ಭೂಗೋಳ ಬದಲಾಗುವುದಿಲ್ಲ ಎನ್ನುತ್ತಾನೆ.