ಊರ ಲೆಕ್ಕ – 6: ಮೂರು ಕಾನೂನು, ಒಂದು ಚಾಪೆ

1/5

ಫೋಟೋದಲ್ಲಿ ಇರೋದು ಒಂದು ಲೆಕ್ಕದ ಪುಸ್ತಕ. ಅಂಚು ಹರಿದಿದೆ, ರಟ್ಟಿನ ಮೇಲೆ ಅರಿಶಿನದ ಕಲೆ. ಒಳಗಿನ ಪುಟದ ಫೋಟೋ ಹಾಕಿಲ್ಲ, ಅಲ್ಲಿ ಹೆಸರುಗಳಿವೆ.

ನಾನು ಬಿಕಾಂ ಅಂತ ಗೊತ್ತಾದ ಮೇಲೆ ನಮ್ಮ ಕಡೆಯ ಒಂದು ಸ್ವಸಹಾಯ ಸಂಘದವರು ನನ್ನ ಕೈಲಿ ಲೆಕ್ಕ ಬರೆಸೋಕೆ ಶುರು ಮಾಡಿದರು. ಎರಡು ವರ್ಷ ಆಯ್ತು. ಹದಿನಾಲ್ಕು ಜನ ಸದಸ್ಯರು. ಅವರಲ್ಲಿ ಒಂಬತ್ತು ಜನ ಚಿಕ್ಕವರಿದ್ದಾಗ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು. ಸರ್ಕಾರದ ಕಾಗದದಲ್ಲಿ ‘ಮಾಜಿ ದೇವದಾಸಿ’. ನಮ್ಮ ಕಡೆ ಬಾಯಿಮಾತಲ್ಲಿ ‘ಬಸವಿ’.

ಈ ಪದ ನೀವು ಕೇಳಿದ್ದೀರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬಸ್ಸಲ್ಲಿ ಕಾಲೇಜಿಗೆ ಬರೋ ಯಾರೂ ಕೇಳಿಲ್ಲ ಅನ್ನೋ ಹಾಗಿಲ್ಲ. ಬಹುತೇಕ ಬೈಗುಳವಾಗಿ ಕೇಳಿದ್ದೀರಿ ಅಷ್ಟೇ.

‘ಎಲ್ಲರೂ ಒಂದಾದರೆ ಸಮಾಜ ಬದಲಾಗುತ್ತೆ’ ಅಂತ ಭಾಷಣ ಸ್ಪರ್ಧೇಲಿ ನಾವೆಲ್ಲ ಹೇಳಿ ಪ್ರೈಜ್ ತಗೊಂಡಿದ್ದೀವಿ. ಒಂದಾಗಿ ಕೂತು ಏನ್ ಮಾಡ್ತಾರೆ ಅಂತ ಮಾತ್ರ ಯಾರೂ ಹೇಳಲ್ಲ. ಈ ಸಲ ಅದನ್ನೇ ಬರೀತೀನಿ. ಸ್ವಲ್ಪ ಉದ್ದ ಐತೆ, ಸ್ಕ್ರೋಲ್ ಮಾಡ್ಕೊಂಡು ಹೋಗಬೇಡಿ.

2/5

ಮೊದಲು ಕಾನೂನಿನ ಕಥೆ, ಬೇಗ ಮುಗಿಸ್ತೀನಿ.

ನಮ್ಮ ತಾಲ್ಲೂಕುಗಳು ಒಂದು ಕಾಲಕ್ಕೆ ಮದರಾಸು ಪ್ರಾಂತ್ಯದಲ್ಲಿದ್ದವು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅದಕ್ಕೂ ಮೊದಲೇ, 1947ರಲ್ಲಿ, ಮದರಾಸಿನವರು ದೇವದಾಸಿ ಬಿಡೋದನ್ನ ನಿಷೇಧಿಸಿದರು. ಅದರ ಹಿಂದೆ ಇದ್ದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೇ ದೇವದಾಸಿ ಮನೆತನದವರು. ಶಾಸನ ಸಭೆಯಲ್ಲಿ ಅವರು ಈ ಮಾತು ಎತ್ತಿದ್ದು 1927ರಲ್ಲಿ, ಕಾನೂನಾಗೋಕೆ ಇಪ್ಪತ್ತು ವರ್ಷ ಬೇಕಾಯ್ತು. ಅಂದ್ರೆ ನಮ್ಮ ಅಜ್ಜಿಯರು ಹುಟ್ಟೋ ಹೊತ್ತಿಗೇ ನಮ್ಮೂರಲ್ಲಿ ಇದು ಅಪರಾಧ ಆಗಿತ್ತು.

ಆಮೇಲೆ 1982ರಲ್ಲಿ ಕರ್ನಾಟಕದ್ದೇ ಕಾನೂನು. ಬಿಟ್ಟವರಿಗೆ ಮೂರು ವರ್ಷದವರೆಗೆ ಜೈಲು, ಹೆತ್ತವರೇ ಬಿಟ್ಟರೆ ಐದು ವರ್ಷದವರೆಗೆ. ಅದೂ ಆಯ್ತು. ಕಾನೂನು ಬಂದು ಇಪ್ಪತ್ತೈದು ವರ್ಷ ಆದ ಮೇಲೆ ಸರ್ಕಾರ ಲೆಕ್ಕ ಹಾಕಿದರೆ ಎಷ್ಟು ಜನ ಸಿಕ್ಕರು ಗೊತ್ತಾ? 1993-94ರ ಸಮೀಕ್ಷೆ, 2007-08ರ ಸಮೀಕ್ಷೆ ಎರಡೂ ಸೇರಿ ರಾಜ್ಯದಲ್ಲಿ 46,660 ಹೆಣ್ಣುಮಕ್ಕಳು. ಬಹುತೇಕ ಎಲ್ಲರೂ ದಲಿತ ಕೇರಿಯವರು.

ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಕಾನೂನು ಇರೋದು ಕೂಡ್ಲಿಗಿ ಕೋರ್ಟಲ್ಲಿ, ಮುತ್ತು ಕಟ್ಟೋದು ರಾತ್ರಿ ಮನೆಯೊಳಗೆ ಬಾಗಿಲು ಹಾಕ್ಕೊಂಡು. ಪಕ್ಕದ ಮನೆಯವರು ಬಾಯಿ ಬಿಡದಿದ್ದರೆ ಪೊಲೀಸರಿಗೆ ಗೊತ್ತಾಗೋದು ಹೇಗೆ?

3/5

ಇಲ್ಲಿ ನಾವು ಬಿಕಾಂನವರು ಸ್ವಲ್ಪ ಯೋಚನೆ ಮಾಡಬೇಕು. ‘ಮೂಢನಂಬಿಕೆ’ ಅಂದು ಕೈ ತೊಳ್ಕೊಳ್ಳೋದು ಸುಲಭ. ಬಸವಿ ಬಿಡೋದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಗಂಡು ಮಗ ಇಲ್ಲದ ಮನೆ. ಮಗಳಿಗೆ ಮದುವೆ ಮಾಡಿದರೆ ಅವಳು ಗಂಡನ ಮನೆಗೆ ಹೋಗ್ತಾಳೆ. ಬಸವಿ ಬಿಟ್ಟರೆ ತವರಲ್ಲೇ ಉಳೀತಾಳೆ, ಕೂಲಿ ಮಾಡಿ ಅಪ್ಪ ಅಮ್ಮನ್ನ ಸಾಕ್ತಾಳೆ, ಮಗನ ಹಾಗೆ ಮನೆಗೆ ಹಕ್ಕುದಾರಳೂ ಆಗ್ತಾಳೆ. ಒಂದು ಬಡ ಮನೆಯ ಮುಪ್ಪಿನ ಖರ್ಚೆಲ್ಲ ಒಬ್ಬ ಹುಡುಗಿಯ ಖಾತೆಗೆ ಬರೆದ ಹಾಗೆ. ಊರಿನ ಉಳ್ಳ ಗಂಡಸರಿಗೆ ಜವಾಬ್ದಾರಿ ಇಲ್ಲದ ಸಂಬಂಧ. ಅವರ ಹೆಸರು ಯಾವ ಕಾಲಂನಲ್ಲೂ ಬರಲ್ಲ.

ಹಿಂಗಿರುವಾಗ ಹೊರಗಿನವರು ಬಂದು ‘ಇದು ತಪ್ಪು’ ಅಂದ್ರೆ ಆ ಮನೆಯವರು ‘ಹೌದ್ರಿ’ ಅಂತಾರೆ. ಜೀಪು ಹೋದ ಮೇಲೆ ಹಳೇ ದಾರಿನೇ.

ಬದಲಾವಣೆ ಬಂದಿದ್ದು ಬಿಟ್ಟ ಹೆಣ್ಣುಮಕ್ಕಳೇ ಚಾಪೆ ಹಾಸಿ ಕೂತಾಗ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ‘ಮಾಸ್’ ಅಂತ ಒಂದು ಸಂಸ್ಥೆ ಐತೆ, ಪೂರ್ತಿ ಹೆಸರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. 1997ರಲ್ಲಿ ಮಾಜಿ ದೇವದಾಸಿಯರೇ ಕಟ್ಟಿದ್ದು. ಅದನ್ನ ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರನ್ನೂ ಚಿಕ್ಕ ವಯಸ್ಸಲ್ಲೇ ದೇವರಿಗೆ ಬಿಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಕಡೆ ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ತಹಶೀಲ್ದಾರ್ ಆಫೀಸು, ಡಿಸಿ ಆಫೀಸು ಅಂತ ಧರಣಿ ಕೂತು ಮಾಸಾಶನ ಕೇಳ್ತಾ ಬಂತು. ಈಗ ತಿಂಗಳಿಗೆ 2,000 ರೂಪಾಯಿ. ನಮ್ಮ ಒಂದು ಜೊತೆ ಶೂ ದುಡ್ಡು ಅಂತ ನಗಬಹುದು. ಆದರೆ ಮೇಲೆ ಹೇಳಿದ ಲೆಕ್ಕಾಚಾರಕ್ಕೆ ಹಚ್ಚಿ ನೋಡ್ರಿ. ಅಜ್ಜಿಗೆ ಅವಳದೇ ದುಡ್ಡು ಬಂದರೆ ಮೊಮ್ಮಗಳ ಮೇಲಿನ ಭಾರ ಇಳಿಯುತ್ತೆ.

ಇನ್ನು ನಾನು ಕಣ್ಣಾರೆ ಕಂಡಿದ್ದು. ನಮ್ಮ ಸಂಘ ಮಂಗಳವಾರ ರಾತ್ರಿ ಊಟ ಆದ ಮೇಲೆ ಕೂಡುತ್ತೆ. ತಲೆಗೆ ಇಪ್ಪತ್ತು ರೂಪಾಯಿ ಉಳಿತಾಯ. ಹಾಜರಿ, ಉಳಿತಾಯ, ಸಾಲ, ಠರಾವು. ಇಷ್ಟೇ ಆಗಿದ್ದರೆ ನಾನು ಈ ಪೋಸ್ಟ್ ಹಾಕ್ತಿರಲಿಲ್ಲ. ಲೆಕ್ಕ ಮುಗಿದ ಮೇಲೆ ಒಂದು ಮಾತು ಕೇಳ್ತಾರೆ: ‘ಕೇರಿಯಾಗ ಯಾವ ಹುಡುಗಿ ಸಾಲಿ ಬಿಟ್ಟಳು? ಯಾರಿಗೆ ಆರಾಮಿಲ್ಲ?’ ನನಗೆ ಮೊದಮೊದಲು ಇದು ಸುಮ್ಮನೆ ಊರ ಸುದ್ದಿ ಅನ್ನಿಸ್ತಿತ್ತು. ಅಲ್ಲ. ಹರಕೆ ಹುಟ್ಟೋದೇ ಅಲ್ಲಿಂದ. ಹುಡುಗಿಗೆ ವಾಸಿಯಾಗದ ಜ್ವರ, ಮೈಮೇಲೆ ಗುಳ್ಳೆ, ಕೂದಲು ಜಡೆಗಟ್ಟೋದು. ಯಾರಾದರೂ ‘ಅಮ್ಮ ಕರೀತಾಳೆ’ ಅಂತಾರೆ. ಅಷ್ಟು ಸಾಕು.

ಹೋದ ವರ್ಷ ಅಂಥ ಸುದ್ದಿ ಬಂತು. ಏಳನೇ ಕ್ಲಾಸಿನ ಹುಡುಗಿ. (ಯಾರು, ಯಾವ ಊರು ಅಂತ ಕಾಮೆಂಟಲ್ಲಿ ಕೇಳಬೇಡಿ, ಡಿಲೀಟ್ ಮಾಡ್ತೀನಿ.) ಅಜ್ಜಿ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಾಗಿತ್ತು. ಐದು ಜನ ಅವರ ಮನೆಗೆ ಹೋದರು, ಹಿಂದೆ ನಾನೂ ಹೋದೆ. ಕಾನೂನು, ಜೈಲು, ಪೊಲೀಸ್ ಅನ್ನೋ ಮಾತೇ ಬರಲಿಲ್ಲ. ನೀರು ಕುಡಿದರು, ಮಳೆ ಬೆಳೆ ಮಾತಾಡಿದರು. ಆಮೇಲೆ ನಮ್ಮ ಸಂಘದ ಹಿರಿಯಾಕೆ ಅಂದಳು: ‘ಅಕ್ಕಾ, ನನ್ನ ಬಿಟ್ಟಾಗ ನನಗೂ ಜ್ವರನೇ ಇತ್ತು. ಮುತ್ತು ಕಟ್ಟಿದ ಮ್ಯಾಲೂ ಹೋಗಲಿಲ್ಲ. ಗುಳಿಗಿ ತಗಂಡ ಮ್ಯಾಲೆ ಹೋತು.’

ಯಾವ ಅಧಿಕಾರಿ ಈ ಮಾತು ಹೇಳೋಕೆ ಆಗುತ್ತೆ ಹೇಳ್ರಿ. ಅಜ್ಜಿ ಸುಮ್ಮನೆ ಕೂತಳು. ‘ದವಾಖಾನಿಗೆ ರೊಕ್ಕ ಎಲ್ಲೈತವ್ವ’ ಅಂದಳು. ಆ ಮನೆಯವರು ಸಂಘದ ಸದಸ್ಯರಲ್ಲ, ನಿಯಮದ ಪ್ರಕಾರ ಸಾಲ ಕೊಡೋ ಹಾಗಿಲ್ಲ. ಹಿರಿಯಾಕೆ ತನ್ನ ಹೆಸರಲ್ಲಿ 6,000 ಎತ್ತಿ ಕೊಟ್ಟಳು. ನಾನೇ ಬರೆದೆ. ಹುಡುಗಿಯನ್ನ ದಾವಣಗೆರೆಗೆ ಕರ್ಕೊಂಡು ಹೋದರು. ಈಗ ಎಂಟನೇ ಕ್ಲಾಸು. ಸಾಲ ಇನ್ನೂ 1,800 ಬಾಕಿ ಐತೆ, ಅಜ್ಜಿ ಶೇಂಗಾ ಸುಗ್ಗಿಗೆ ತೀರಿಸ್ತೀನಿ ಅಂದಿದ್ದಾಳೆ.

ನಮ್ಮ ಉಜ್ಜಿನಿ ಜಾತ್ರೇಲಿ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯೋದು ನೋಡಿದ್ದೀರಲ್ಲ? ಎಷ್ಟೋ ಮನೆಯ ಎಣ್ಣೆ. ಮೇಲಿಂದ ಹರಿದು ಬರುವಾಗ ಯಾರದ್ದು ಎಷ್ಟು ಅಂತ ಗೊತ್ತಾಗಲ್ಲ. ಅದೇ ಅದರ ಚೆಂದ. ಸಂಘದ ಕೆಲಸ ಹಂಗಲ್ಲ. ಯಾರು ಬಂದರು, ಯಾರು ಬರಲಿಲ್ಲ, ಯಾರ ಬಾಕಿ ಎಷ್ಟು, ಎಲ್ಲ ಬರೀಬೇಕು. ಜಗಳಾನೂ ಆಗುತ್ತೆ. ಇಬ್ಬರು ಆರು ತಿಂಗಳಿಂದ ಮಾತಾಡಲ್ಲ, ಆದರೂ ಒಂದೇ ಚಾಪೆ ಮೇಲೆ ಕೂಡ್ತಾರೆ.

4/5

ಹೈಸ್ಕೂಲಲ್ಲಿ ನನ್ನ ಜೊತೆ ಓದಿದ ಒಬ್ಬ ಹುಡುಗನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ‘ತಂದೆಯ ಹೆಸರು’ ಖಾಲಿ ಇತ್ತು. ಆಫೀಸಿನವರು ಸಾಲಲ್ಲಿ ನಿಂತವರಿಗೆಲ್ಲ ಕೇಳೋ ಹಾಗೆ ‘ಅಪ್ಪನ ಹೆಸರು ಗೊತ್ತಿಲ್ಲೇನೋ?’ ಅಂದರು. ಹಿಂದೆ ನಿಂತವರು ನಕ್ಕರು. ಮರುದಿನ ಅವನ ಅವ್ವ ಒಬ್ಬಳೇ ಬರಲಿಲ್ಲ, ನಾಲ್ಕು ಜನ ಹೆಣ್ಣುಮಕ್ಕಳ ಜೊತೆ ಬಂದಳು. ಕೂಗಾಟ ಏನಿಲ್ಲ. ‘ನನ್ನ ಹೆಸರು ಬರಕೊಳ್ರಿ ಸರ್, ಸಾಕಿದಾಕಿ ನಾನು’ ಅಂದಳು. ಬರೆಯೋವರೆಗೂ ಐದೂ ಜನ ಅಲ್ಲೇ ನಿಂತರು. ಬರೆದರು.

ಇಂಥ ಎಷ್ಟು ಆಫೀಸುಗಳ ಮುಂದೆ ಎಷ್ಟು ತಾಯಂದಿರು ನಿಂತಿರಬೇಕು ಅಂತ ಲೆಕ್ಕ ಹಾಕಿ. ದೇವದಾಸಿ ಮಹಿಳೆಯರು, ಅವರ ಮಕ್ಕಳು ವರ್ಷಗಟ್ಟಲೆ ಸಭೆ ಮಾಡಿ ಕೇಳಿದ್ದರಲ್ಲಿ ಇದೂ ಒಂದು. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆಯಲ್ಲಿ ಅದು ಬಂತು: ದೇವದಾಸಿ ಮಕ್ಕಳು ತಂದೆ ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಮಕ್ಕಳು ಬಯಸಿದರೆ ತಂದೆ ಯಾರು ಅಂತ ಕೋರ್ಟಲ್ಲಿ ಸಾಬೀತು ಮಾಡಿ ಆಸ್ತಿಯಲ್ಲಿ ಹಕ್ಕು ಕೇಳಬಹುದು. 1947, 1982, 2025. ಮೂರನೇ ಸಲ ಗಂಡಸರ ಹೆಸರೂ ಕಾಲಂಗೆ ಬರೋ ದಾರಿ ಆಯ್ತು. ಮೊದಲಿನ ಎರಡಕ್ಕಿಂತ ಇದು ನನಗೆ ಹಿಡಿಸಿದ್ದು ಅದಕ್ಕೇ.

5/5

ಎಲ್ಲ ಸರಿಹೋಯ್ತು ಅಂತ ತಿಳ್ಕೋಬೇಡಿ. ನಮ್ಮ ಒಂಬತ್ತು ಜನರಲ್ಲಿ ಇಬ್ಬರ ಹೆಸರು ಹಳೇ ಸಮೀಕ್ಷೆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಮಾಸಾಶನ ಇಲ್ಲ. ಅವರಲ್ಲಿ ಒಬ್ಬಾಕೆ ನನ್ನ ಕೇಳ್ತಾಳೆ: ‘ಯವ್ವಾ, ದೇವರಿಗೆ ಬಿಟ್ಟಿದ್ದಕ್ಕೂ ಸರ್ಟಿಫಿಕೇಟ್ ಬೇಕೇನು?’ ನನ್ನ ಹತ್ತಿರ ಉತ್ತರ ಇಲ್ಲ, ಅರ್ಜಿ ಬರೆದುಕೊಡ್ತೀನಿ.

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗೋ ಫ್ರೆಂಡ್ಸ್, ಹೋಗಿ ಬನ್ನಿ, ನಮ್ಮ ಮನೆಯವರೂ ಹೋಗ್ತಾರೆ. ಅಲ್ಲಿ ಪೊಲೀಸರು, ಇಲಾಖೆಯವರು, ಸಂಘದ ಹೆಣ್ಣುಮಕ್ಕಳು ಕಾವಲು ಇರ್ತಾರೆ. ಚಿಕ್ಕ ಹುಡುಗಿಯನ್ನ ಸಿಂಗರಿಸಿ ಮುತ್ತು ಕಟ್ಟಿಸ್ತಾರೆ ಅನ್ನೋ ಅನುಮಾನ ಬಂದರೆ ಅವರಿಗೆ ಹೇಳಿ, ಇಲ್ಲಾಂದ್ರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ಕರೆನ್ಸಿ ಇಲ್ಲದಿದ್ದರೂ ಹೋಗುತ್ತೆ. ರೀಲ್ಸ್ ಮಾತ್ರ ಮಾಡಬೇಡಿ, ದಯವಿಟ್ಟು. ಆ ಹುಡುಗಿ ಮುಖ ಒಂದು ಸಲ ಹರಿದಾಡಿದರೆ ವಾಪಸ್ ತರೋಕೆ ಆಗಲ್ಲ.

ಇನ್ನೊಂದು. ಪಟ್ಟಿಯಲ್ಲಿ ಬಿಟ್ಟುಹೋದವರ ಅರ್ಜಿ ಬರೆಯೋಕೆ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂಡ್ತಿದ್ದೀವಿ. ಅಕ್ಷರ ನೀಟಾಗಿ ಬರೆಯೋರು ನಾಲ್ಕು ಜನ ಬೇಕು, ಕಾಮರ್ಸೇ ಆಗಬೇಕಂತಿಲ್ಲ. ಬರೋರು ಮೆಸೇಜ್ ಮಾಡಿ, ಜಾಗ ಹೇಳ್ತೀನಿ. ಆಧಾರ್ ಝೆರಾಕ್ಸ್ ಅವರೇ ತರ್ತಾರೆ, ಪೆನ್ನು ನೀವು ತನ್ನಿ.

#ಊರಲೆಕ್ಕ #ಉಜ್ಜಿನಿ #ಕೊಟ್ಟೂರು #ಕೂಡ್ಲಿಗಿ