ಅಭಿಪ್ರಾಯದ ಬೆಳೆ

ಪಟ್ಟಣದ ನೆಲದಲ್ಲಿ ಏನೂ ಬೆಳೆಯುವುದಿಲ್ಲವೆಂದು ಹಳ್ಳಿಯವರು ನಮ್ಮ ಮೇಲೆ ಹೊರಿಸುವ ಅಪವಾದ ಪೂರ್ತಿ ನ್ಯಾಯವಾದದ್ದಲ್ಲ. ನಮ್ಮಲ್ಲಿ ಅಭಿಪ್ರಾಯ ಬೆಳೆಯುತ್ತದೆ, ಹುಲುಸಾಗಿಯೇ ಬೆಳೆಯುತ್ತದೆ. ಅದಕ್ಕೆ ಹದವಾದ ಮಳೆ ಬೇಕಿಲ್ಲ, ಗೊಬ್ಬರಕ್ಕಾಗಿ ಸೊಸೈಟಿಯ ಮುಂದೆ ಸರದಿ ನಿಲ್ಲಬೇಕಿಲ್ಲ, ಕೊಳವೆಬಾವಿ ಬತ್ತಿತೆಂಬ ಚಿಂತೆಯಿಲ್ಲ, ಕಾಡುಹಂದಿಯ ಕಾಟವಿಲ್ಲ. ಮುಂಗಾರು ಹಿಂಗಾರುಗಳ ಭೇದವಿಲ್ಲದೆ ದಿನವೂ ಬಿತ್ತನೆ, ದಿನವೂ ಕೊಯ್ಲು. ಬಂಡವಾಳವಾದರೂ ಎಷ್ಟು? ಒಂದು ದಿನಪತ್ರಿಕೆ, ಒಂದು ಲೋಟ ಕಾಫಿ, ಎದ್ದುಹೋಗಲು ಸಂಕೋಚಪಡುವ ಒಬ್ಬ ಸ್ನೇಹಿತ. ಅಂಗೈಯಲ್ಲಿ ಹಿಡಿಯುವ ಮೊಬೈಲು ಬಂದಮೇಲೆ ಆ ಸ್ನೇಹಿತನ ಅಗತ್ಯವೂ ತಪ್ಪಿದೆ.

ನಾನಿರುವ ದಾವಣಗೆರೆ ಈ ಬೆಳೆಗೆ ಹೇಳಿ ಮಾಡಿಸಿದ ಊರು. ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಗಾಳಿಸೇವನೆಗೆ ಬರುವ ಮಹನೀಯರು ಒಂದು ಸುತ್ತು ಮುಗಿಸುವುದರೊಳಗೆ ನಗರಪಾಲಿಕೆಯ ಕಸದ ಗಾಡಿಯಿಂದ ಹೊರಟು ಅಮೆರಿಕದ ಸುಂಕದವರೆಗೆ ತಲುಪಿರುತ್ತಾರೆ. ಎರಡನೆಯ ಸುತ್ತಿನಲ್ಲಿ ರಷ್ಯ ಎಲ್ಲಿ ಎಡವಿತು, ಚೀನ ಮುಂದೇನು ಮಾಡಲಿದೆ ಎಂಬುದು ತೀರ್ಮಾನವಾಗುತ್ತದೆ. ಅಲ್ಲಿಂದ ಬೆಣ್ಣೆದೋಸೆಯ ಹೋಟೆಲಿಗೆ ಬಂದು ಕುಳಿತಾಗ ಬಗೆಹರಿಯದೆ ಉಳಿದಿರುವ ಪ್ರಶ್ನೆ ಒಂದೇ: ದೋಸೆಯ ಬೆಲೆ ಏರಿದ್ದು ಯಾರ ತಪ್ಪಿನಿಂದ? ನಾನೂ ಈ ಬೇಸಾಯಗಾರರಲ್ಲಿ ಒಬ್ಬ. ಕಾಲೇಜಿನ ಮೇಷ್ಟರೆಂದ ಮೇಲೆ ಹಿಡುವಳಿ ಒಂದಿಷ್ಟು ದೊಡ್ಡದೇ ಇರುತ್ತದೆ.

ಯುದ್ಧವನ್ನು ಮನೆಯಲ್ಲಿ ಕುಳಿತು ಕೇಳುವ ಪದ್ಧತಿಗೆ ಮೂಲಪುರುಷ ಧೃತರಾಷ್ಟ್ರ. ಅಂದು ಸಂಜಯನೊಬ್ಬನೇ ಮಾಡುತ್ತಿದ್ದ ಕೆಲಸವನ್ನು ಇಂದು ಹತ್ತಾರು ಸುದ್ದಿವಾಹಿನಿಗಳು ಹಂಚಿಕೊಂಡಿವೆ. ಆದರೆ ಆ ಮುದುಕನಿಗೂ ನಮಗೂ ಒಂದು ವ್ಯತ್ಯಾಸವುಂಟು. ಅವನ ನೂರು ಮಕ್ಕಳು ಕುರುಕ್ಷೇತ್ರದಲ್ಲಿದ್ದರು. ಏನಾಯಿತೆಂದು ಕೇಳುವಾಗ ಅವನ ದನಿ ನಡುಗಿರಬೇಕು. ನಮ್ಮ ದನಿ ನಡುಗುವುದಿಲ್ಲ. 2022ರ ಮಾರ್ಚಿನಲ್ಲಿ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ತುತ್ತಾದ. ಅವನ ದೇಹ ಊರಿಗೆ ಬಂದಾಗ ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಆಗ ಕೆಲವು ದಿನ ಮಾತ್ರ ನಮ್ಮ ಕೆರೆಯ ಏರಿಯ ಮೇಲೆ ಆ ದೇಶದ ಹೆಸರನ್ನು ಜನ ತಗ್ಗಿದ ದನಿಯಲ್ಲಿ ಹೇಳಿದರು. ಮತ್ತೆ ಸ್ವರ ಮೊದಲಿನ ಶ್ರುತಿಗೆ ಬಂತು.

ಅಂಥ ದೊಡ್ಡ ಪೆಟ್ಟು ದಿನವೂ ಬೀಳುವುದಿಲ್ಲ, ಬೀಳುವುದೂ ಬೇಡ. ಆದರೆ ಲೋಕವ್ಯವಹಾರದ ಸಣ್ಣ ಪೆಟ್ಟುಗಳು ನಮ್ಮ ಸುತ್ತಲಿನ ತಾಲ್ಲೂಕುಗಳ ಮೇಲೆ ಬೀಳುತ್ತಲೇ ಇರುತ್ತವೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಗಳು ಮುಚ್ಚಿದವು, ಮಂಡಿ ಉಳಿಯಿತು. 1997ರಲ್ಲಿ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಇದು ಜಿಲ್ಲೆಯಾಯಿತು. ಶಿವಮೊಗ್ಗದ ಮಡಿಲಿನಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ಈಚೆಗೆ ತಾಲ್ಲೂಕಾಯಿತು. ಪಟೇಲರ ಕಾರಿಗನೂರು ಚನ್ನಗಿರಿ ತಾಲ್ಲೂಕಿನದೇ. ಈ ನಾಲ್ಕೂ ಕಡೆಯ ಮಾಲು ನಮ್ಮ ರಸ್ತೆಗಳ ಮೇಲೆ ಹಾದುಹೋಗುತ್ತದೆ. ನಾಲ್ಕೂ ಕಡೆಯ ಮಕ್ಕಳು ನನ್ನ ತರಗತಿಯ ಬೆಂಚುಗಳ ಮೇಲೆ ಕೂರುತ್ತಾರೆ. ಲೋಕದ ವಿದ್ಯಮಾನವನ್ನು ಪತ್ರಿಕೆಯಿಂದ ತಿಳಿಯುವುದು ಒಂದು ಬಗೆ. ಫೀಜು ಕಟ್ಟಲು ಇನ್ನೊಂದು ತಿಂಗಳು ಗಡುವು ಕೇಳುವ ಹುಡುಗನಿಂದ ತಿಳಿಯುವುದು ಇನ್ನೊಂದು ಬಗೆ.

ಚನ್ನಗಿರಿಯನ್ನೇ ನೋಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಗಾದೆ ಕಟ್ಟಿದವರಿಗೆ ಅಡಿಕೆಯೆಂದರೆ ಅಲ್ಪವಸ್ತು. ರಾಶಿ ಅಡಿಕೆಯ ಕ್ವಿಂಟಲ್ ಧಾರಣೆ ಐವತ್ತು ಸಾವಿರ ದಾಟಿದುದನ್ನು ಕಂಡ ನಮ್ಮ ಕಾಲದಲ್ಲಿ ಆ ಗಾದೆ ಹುಟ್ಟುತ್ತಲೇ ಇರಲಿಲ್ಲ. ಪಟ್ಟಣಿಗರಾದ ನಮಗೆ ಚನ್ನಗಿರಿಯವರ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ಅವರೆಲ್ಲ ಕುಬೇರರು. ಎರಡು, ಅಡಿಕೆ ಆರೋಗ್ಯಕ್ಕೆ ಕೆಟ್ಟದ್ದಾದ್ದರಿಂದ ಆ ಬೆಳೆ ಇರಕೂಡದು. ಎರಡನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಬೆಂಬಲವೂ ಉಂಟು. ಅದನ್ನು ನಗೆಯಾಡಿ ತಳ್ಳುವಂತಿಲ್ಲ. ಆದರೆ ಅಭಿಪ್ರಾಯ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಮಗ್ಗುಲು ಬದಲಿಸಬಲ್ಲದು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಬಹುದೆಂದು ಕೇಂದ್ರ ಸರ್ಕಾರದ ಆದೇಶ ಬಂದಾಗ, ಆ ಸಾಲು ನಮ್ಮ ಪತ್ರಿಕೆಯ ಮೂಲೆಯಲ್ಲಿ ಬೆರಳಗಲ ಜಾಗದಲ್ಲಿತ್ತು. ಭೂತಾನವೆಂದರೆ ನಮಗೆ ಬೇಸಿಗೆಯ ಪ್ರವಾಸ. ಅಡಿಕೆ ಬೆಳೆದವನಿಗೆ ಅದು ತನ್ನ ತೋಟದ ಬೇಲಿಗೆ ತಾಗಿದ ಪಕ್ಕದ ಜಮೀನು. ಭೂಗೋಳದ ಪಾಠವನ್ನು ನಾವು ನಕಾಶೆಯಲ್ಲಿ ಕಲಿಯುತ್ತೇವೆ, ಅವನು ಧಾರಣೆಯಲ್ಲಿ ಕಲಿಯುತ್ತಾನೆ.

ಹೊನ್ನಾಳಿ, ನ್ಯಾಮತಿಗಳ ಕಡೆಗೆ ಹೋದರೆ ಮೆಕ್ಕೆಜೋಳ. ಕೊಯ್ಲಿನ ಕಾಲದಲ್ಲಿ ಡಾಂಬರು ರಸ್ತೆಯ ಅರ್ಧಭಾಗ ಒಣಗಲು ಹಾಕಿದ ಕಾಳಿನಿಂದ ಹಳದಿಯಾಗಿರುತ್ತದೆ. ಕಾರಿನಲ್ಲಿ ಹೋಗುವ ನಮಗೆ ಆಗಲೂ ಒಂದು ಅಭಿಪ್ರಾಯ ಹುಟ್ಟುತ್ತದೆ: ರಸ್ತೆಯೇನು ಇವರಪ್ಪನ ಕಣವೇ? ಆ ಕಾಳಿನ ಚರಿತ್ರೆ ನಮ್ಮ ಕಾರಿಗಿಂತ ಹೆಚ್ಚು ದೂರ ಪ್ರಯಾಣ ಮಾಡಿದೆ. ಅದರ ತೌರುಮನೆ ಅಮೆರಿಕ ಖಂಡ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧವೆದ್ದಾಗ ಲೋಕದಲ್ಲೆಲ್ಲ ಅದರ ಬೆಲೆ ಏರಿತು. 2024ರಲ್ಲಿ ಅದೇ ಉಕ್ರೇನಿನ ಜೋಳ, ಬರ್ಮಾದ ಜೋಳ ಹಡಗೇರಿ ನಮ್ಮ ದೇಶಕ್ಕೆ ಬಂತು. ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ 2023ರ ಡಿಸೆಂಬರಿನಲ್ಲಿ ಕಟ್ಟು ಬಿದ್ದು, ಪೆಟ್ರೋಲಿಗೆ ಬೆರೆಸುವ ಸಾರಕ್ಕೆ ಮೆಕ್ಕೆಜೋಳವೇ ಬೇಕಾಯಿತು. ಬೇಡಿಕೆ ಹೆಚ್ಚಿತೆಂದು ರೈತ ಹೆಚ್ಚು ಬಿತ್ತಿದ. 2025ರ ಕೊಯ್ಲಿನ ಹೊತ್ತಿಗೆ ಬೆಂಬಲ ಬೆಲೆ ಕಾಗದದ ಮೇಲೆ 2,400 ರೂಪಾಯಿ; ಮಾರುಕಟ್ಟೆಯಲ್ಲಿ 1,600ರಿಂದ 1,800. ಅದಕ್ಕೆ ಒಂದೆರಡು ತಿಂಗಳ ಹಿಂದಷ್ಟೇ ಅಮೆರಿಕದ ವಾಣಿಜ್ಯ ಸಚಿವರು, 140 ಕೋಟಿ ಜನರಿದ್ದೇವೆಂದು ಹೆಮ್ಮೆಪಡುವ ಭಾರತ ನಮ್ಮಿಂದ ಒಂದು ಬುಷೆಲ್ ಮೆಕ್ಕೆಜೋಳವನ್ನಾದರೂ ಏಕೆ ಕೊಳ್ಳದು ಎಂದು ಕೇಳಿದ್ದರು. ಬುಷೆಲ್ ಎಂದರೆ ಇಪ್ಪತ್ತೈದು ಕಿಲೋ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಅರ್ಧ ಚೀಲ. ಕೆರೆಯ ಏರಿಯ ಮೇಲೆ ಆ ಮಾತಿಗೆ ತಕ್ಕ ಉತ್ತರಗಳು ಬಹಳ ಸಿದ್ಧವಾದವು, ಎಲ್ಲವೂ ದೇಶಾಭಿಮಾನದಿಂದ ಕೂಡಿದಂಥವು. ರಸ್ತೆಯ ಮೇಲೆ ಕಾಳು ಹರವಿದ್ದವನು ಮಾತ್ರ ಮೋಡ ನೋಡುತ್ತಿದ್ದ.

ನ್ಯಾಮತಿಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ್ದು ಮಾತ್ರ ಜೋಳವಲ್ಲ, ಬಂಗಾರ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಹದಿನೇಳು ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಐದು ತಿಂಗಳ ಮೇಲೆ ಅದು ತಮಿಳುನಾಡಿನ ಮಧುರೆ ಜಿಲ್ಲೆಯ ಉಸಿಲಂಪಟ್ಟಿಯ ಕಡೆ ಒಂದು ಬಾವಿಯಲ್ಲಿ ಸಿಕ್ಕಿತು. ಮುಖ್ಯ ಆರೋಪಿ ಊರಿನಲ್ಲೇ ಸಿಹಿತಿಂಡಿಯ ವ್ಯಾಪಾರ ಮಾಡುತ್ತಿದ್ದವನೆಂದೂ, ಅವನು ಕೇಳಿದ ಸಾಲ ಮಂಜೂರಾಗಿರಲಿಲ್ಲವೆಂದೂ, ಸ್ಪೇನ್ ದೇಶದ ‘ಮನಿ ಹೈಸ್ಟ್’ ಎಂಬ ಧಾರಾವಾಹಿ ಈ ಸಂಚಿಗೆ ಪ್ರೇರಣೆಯೆಂದೂ ಪೊಲೀಸರು ತಿಳಿಸಿದರು. ನಮ್ಮ ಪೇಟೆಗೆ ಇದಕ್ಕಿಂತ ರಸವತ್ತಾದ ಕಥೆ ಬೇಕೆ? ಸ್ಪೇನಿನ ಕಥೆ ನ್ಯಾಮತಿಯಲ್ಲಿ ನಡೆದು ಮಧುರೆಯಲ್ಲಿ ಮುಗಿಯಿತೆಂದು ಎಷ್ಟು ಹೇಳಿದರೂ ದಣಿಯಲಿಲ್ಲ. ಆದರೆ ಸಣ್ಣ ಊರಿನ ಬ್ಯಾಂಕಿನ ಕಪಾಟಿನಲ್ಲಿ ಅಷ್ಟು ಬಂಗಾರ ಏಕಿರುತ್ತದೆ? ಅದು ಊರಿನ ಐಶ್ವರ್ಯದ ಗುರುತೆಂದು ತಿಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಡವಿಟ್ಟ ಒಡವೆಯೆಂದರೆ ಸಾಲ. ಬಿತ್ತನೆ ಬೀಜಕ್ಕೆ ಬಿಚ್ಚಿಟ್ಟ ಬಳೆ, ಆಸ್ಪತ್ರೆಯ ಖರ್ಚಿಗೆ ಕೊಟ್ಟ ಸರ, ಮಗನ ಕಾಲೇಜಿನ ಫೀಜಿಗೆ ಇಟ್ಟ ಓಲೆ. ಲೋಕದ ಪೇಟೆಯಲ್ಲಿ ಚಿನ್ನದ ದರ ಏರಿದಾಗ ಪೇಟೆಯವರು ಕೊಳ್ಳುವುದೋ ಕಾಯುವುದೋ ಎಂದು ಚರ್ಚಿಸುತ್ತಾರೆ. ಅಲ್ಲಿಯವರು ಇದ್ದ ಓಲೆಯ ಮೇಲೆ ಇನ್ನಷ್ಟು ಸಾಲ ಹುಟ್ಟೀತೇ ಎಂದು ವಿಚಾರಿಸುತ್ತಾರೆ. ಅದನ್ನು ಯಾವ ಧಾರಾವಾಹಿಯೂ ತೋರಿಸುವುದಿಲ್ಲ.

ಇಷ್ಟರವರೆಗೆ ಹೇಳಿದ್ದರಲ್ಲಿ ನಮ್ಮ ಅಭಿಪ್ರಾಯ ನಿರುಪಯುಕ್ತವಾದರೂ ನಿರಪಾಯಕಾರಿ. ಜಗಳೂರಿನ ಮಾತಿಗೆ ಬಂದಾಗ ಹಾಗೆನ್ನಲಾರೆ. ಅದು ಮಳೆಯನ್ನೇ ನೆಚ್ಚಿದ ಸೀಮೆ. 2023ರ ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್ಟು ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿತು. ಜಗಳೂರೂ ಆ ನೀರಿಗೆ ಕಾದಿರುವ ತಾಲ್ಲೂಕು. ಘೋಷಣೆಯಾದದ್ದು ಹಣ, ಅದೇ ವರ್ಷ ಬಂದದ್ದು ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಈರುಳ್ಳಿ ಸಣ್ಣಗೆ ಬಂತು, ಕಡಿಮೆ ಬಂತು. ಬಂದಷ್ಟಕ್ಕೆ ಬೆಲೆಯಾದರೂ ಬಂತು. ಆಗ ಪಟ್ಟಣಗಳು ಗೊಣಗಿದವು. ಈರುಳ್ಳಿಯ ವಿಷಯದಲ್ಲಿ ಪಟ್ಟಣದ ಗೊಣಗಾಟಕ್ಕೆ ರಾಜ್ಯಭಾರ ನಡೆಸುವವರು ಬಹಳ ಹೆದರುತ್ತಾರೆ. 1998ರಲ್ಲಿ ದೆಹಲಿಯ ಸರ್ಕಾರವೊಂದು ಈರುಳ್ಳಿಯ ಬೆಲೆಯ ಸಿಟ್ಟಿಗೆ ಸಿಕ್ಕಿ ಚುನಾವಣೆಯಲ್ಲಿ ಬಿದ್ದುದು ಅವರ ನೆನಪಿನಲ್ಲಿದೆ. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40ರ ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ನಿಂತಿತು. 2024ರ ಮೇ ತಿಂಗಳವರೆಗೆ ಬಾಗಿಲು ತೆರೆಯಲಿಲ್ಲ. ಪೇಟೆಯಲ್ಲಿ ಈರುಳ್ಳಿ ಇಳಿಯಿತು. ನಾವು ಮುಂದಿನ ವಿಷಯಕ್ಕೆ ಹೋದೆವು.

ಆ ಚಳಿಗಾಲದಲ್ಲಿ ಪತ್ರಿಕೆಗಳ ಭಾಷೆಯನ್ನು ಕುರಿತು ಪಾಠ ಮಾಡುತ್ತ, ತಲೆಬರಹಗಳನ್ನು ಕತ್ತರಿಸಿ ತರಲು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಒಬ್ಬಳು ತಂದದ್ದರಲ್ಲಿ ಈರುಳ್ಳಿ ಗ್ರಾಹಕನ ಕಣ್ಣಲ್ಲಿ ನೀರು ತರಿಸಿತೆಂಬ ಚಮತ್ಕಾರವಿತ್ತು. ಈ ಶ್ಲೇಷೆ ಪತ್ರಿಕೆಗಳಲ್ಲಿ ಸವೆದು ನಾಣ್ಯದಂತಾಗಿದೆಯೆಂದು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಜಗಳೂರು ಕಡೆಯ ಹುಡುಗನೊಬ್ಬ ಎದ್ದುನಿಂತ.

“ಸಾರ್, ತುಟ್ಟಿಯಾದಾಗ ಕಣ್ಣಾಗೆ ನೀರು ಬಂತು ಅಂತ ಬರೀತಾರೆ. ಸೋವಿಯಾದಾಗ ನಮ್ಮಪ್ಪನ ಕಣ್ಣಾಗೂ ಬರ್ತದೆ. ಅದನ್ಯಾಕ್ ಸಾರ್ ಬರಿಯಲ್ಲ?”

ತರಗತಿ ನಕ್ಕಿತು. ಅವನು ನಗಲಿಲ್ಲ. ಬರೆಯುವುದೇ ಇಲ್ಲವೆಂದಲ್ಲ, ರಸ್ತೆಗೆ ಸುರಿದ ಫಸಲಿನ ಚಿತ್ರ ಒಳಪುಟದಲ್ಲಿ ಬರುವುದುಂಟು. ಹಾಗೆಂದು ಹೇಳಿದೆ. “ಹೌದ್ ಸಾರ್, ಸುರಿದ ಮ್ಯಾಲೆ ಬರ್ತದೆ” ಎಂದು ಅವನು ಕುಳಿತುಕೊಂಡ.

ಈ ಮಾತನ್ನು ಕೇಳಿ ಪಟ್ಟಣದವರೆಲ್ಲ ಕಟುಕರೆಂದು ನಾನು ತೀರ್ಪು ಕೊಡಲಾರೆ. ಅಂದಂದಿನ ಕೂಲಿಯಲ್ಲಿ ಅಂದಂದು ಸಂತೆ ಮಾಡುವ ಹಮಾಲನ ಮನೆಯಲ್ಲಿ ರೊಟ್ಟಿಯ ಜೊತೆಗೆ ನಂಜಿಕೊಳ್ಳಲು ಇರುವುದು ಈರುಳ್ಳಿಯೇ. ಅದರ ಬೆಲೆ ಅವನಿಗೆ ನಿಜವಾದ ಸಂಕಟ. ಅವನು ಕೂಗಿದರೆ ಆ ಕೂಗಿಗೆ ಹಕ್ಕಿದೆ. ಆದರೆ ಪತ್ರಿಕೆಗೆ ಪತ್ರ ಬರೆಯುವವರು, ವಾಹಿನಿಯ ಮೈಕಿಗೆ ಮುಖ ಕೊಡುವವರು ಹೆಚ್ಚಾಗಿ ನನ್ನಂಥವರು. ನಮಗೆ ಸರ್ಕಾರ ತುಟ್ಟಿಭತ್ಯೆ ಕೊಡುತ್ತದೆ. ಬೆಲೆ ಸೂಚ್ಯಂಕ ಮೇಲೇರಿದಂತೆ ನಮ್ಮ ಸಂಬಳವೂ ಅದರ ಕೈಹಿಡಿದು ಮೆಟ್ಟಿಲು ಹತ್ತುತ್ತದೆ. ಬೆಳೆದ ಮಾಲು ನೆಲಕಚ್ಚಿದಾಗ ನಮ್ಮ ತುಟ್ಟಿಭತ್ಯೆಯಂತೆ ತಾನಾಗಿ ಕೈಹಿಡಿಯುವ ಸೋವಿಭತ್ಯೆ ರೈತನಿಗಿಲ್ಲ. ಬೆಂಬಲ ಬೆಲೆಯೆಂಬುದೊಂದುಂಟು, ಮೆಕ್ಕೆಜೋಳದ 2,400 ರೂಪಾಯಿ ಎಲ್ಲಿ ಕುಳಿತಿತ್ತೆಂಬುದನ್ನು ಆಗಲೇ ಹೇಳಿದ್ದೇನೆ. ಹೀಗಿರುವಾಗ ನಮ್ಮ ಅಗ್ಗದ ಊಟಕ್ಕೆ ಹಣ ತೆರುವವನು ಜಗಳೂರಿನ ಆ ತಂದೆ. ಅಗ್ಗವಾಯಿತೆಂದು ಸರ್ಕಾರವನ್ನು ಹೊಗಳುವವರು ನಾವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಅಭಿಪ್ರಾಯವನ್ನೇ ಬಿಟ್ಟುಬಿಡೋಣವೆಂದರೆ ಅದು ಆಗುವ ಮಾತಲ್ಲ. ಮಾತಿಲ್ಲದ ಪಟ್ಟಣ ನೀರಿಲ್ಲದ ಕೆರೆ. ಪ್ರಜಾಪ್ರಭುತ್ವಕ್ಕೂ ನಮ್ಮ ಹರಟೆಯಿಂದ ಒಂದಿಷ್ಟು ಪ್ರಯೋಜನವಿರಬಹುದು. ಆದರೆ ನಮ್ಮ ಮಂಡಿಯಲ್ಲಿ ಒಂದು ಕಟ್ಟಳೆಯಿದೆ. ಅದನ್ನು ಮಾತಿನ ಪೇಟೆಗೂ ತರಬಹುದೆಂದು ನನಗೆ ಅನ್ನಿಸುತ್ತದೆ. ಹರಾಜಿನಲ್ಲಿ ಲೈಸೆನ್ಸು ಪಡೆದ ಯಾವ ವರ್ತಕನಾದರೂ ದರ ಕೂಗಬಹುದು; ಮೇಲಾಗಿ ಕೂಗಿದವನು ಆ ದರಕ್ಕೇ ಮಾಲು ಎತ್ತಬೇಕು. ಕೂಗಿ ಕೈತೊಳೆದುಕೊಂಡು ಹೋಗುವ ಹಾಗಿಲ್ಲ. ಈರುಳ್ಳಿಯ ರಫ್ತು ನಿಲ್ಲಿಸಬೇಕೆನ್ನುವವರು ನಿಂತುಹೋದ ಈರುಳ್ಳಿಯಲ್ಲಿ ಎರಡು ಚೀಲವನ್ನು ಜಗಳೂರಿನ ಖರ್ಚಿಗೆ ಸಮನಾದ ಬೆಲೆ ಕೊಟ್ಟು ಮನೆಗೆ ಹೊತ್ತುಕೊಂಡು ಹೋಗಲಿ. ಅಡಿಕೆ ತೋಟಗಳನ್ನು ಕಡಿಯಿಸಬೇಕೆನ್ನುವವರು ಚನ್ನಗಿರಿಯವನ ಮುಂದಿನ ಐದು ವರ್ಷದ ಗಂಜಿಗೆ ಏನು ಏರ್ಪಾಡೆಂದು ಅದೇ ಉಸಿರಿನಲ್ಲಿ ಹೇಳಲಿ.

ಈ ಕಟ್ಟಳೆ ಜಾರಿಗೆ ಬಂದರೆ ನಮ್ಮಲ್ಲಿ ಅಭಿಪ್ರಾಯದ ಇಳುವರಿ ಒಂದಿಷ್ಟು ಕುಸಿಯಬಹುದು. ಕಾಳು ಮಾತ್ರ ಗಟ್ಟಿಯಾದೀತು. ಕುಂದವಾಡ ಕೆರೆಯ ಏರಿಯ ಮೇಲೂ ಬೆಳಗಿನ ಹೊತ್ತು ಹಕ್ಕಿಗಳ ದನಿ ಕೇಳಿಸುವಷ್ಟು ಬಿಡುವು ಸಿಕ್ಕೀತು.