ನಡೆದು ನಿಂತ ಮನಸ್ಸು

ಕುಳಿತಲ್ಲಿಯೇ ಮನಸ್ಸನ್ನು ನಿಲ್ಲಿಸಬಲ್ಲವರು ಧನ್ಯರು. ನನ್ನಂತಹ ಸಾಮಾನ್ಯರಿಗೆ ಕಾಲು ನಡೆದಲ್ಲದೆ ಮನಸ್ಸು ನಿಲ್ಲದು.

ಹೋದ ವರ್ಷ ತಂದೆಯವರು ಕಾಲವಾದ ತರುವಾಯ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ಗದ್ದೆಯನ್ನು ಮಾರುವುದೋ, ಪಟ್ಟಣದ ಉದ್ಯೋಗವನ್ನು ಬಿಟ್ಟು ಬಂದು ಉಳುವುದೋ ಎಂಬ ಚಿಂತೆಯು ತಿಂಗಳುಗಟ್ಟಲೆ ನನ್ನ ನಿದ್ರೆಯನ್ನು ಕಸಿದಿತ್ತು. ಆಗ ಭಾನುವಾರಗಳ ಮುಂಜಾನೆ ಪಾಂಡವಪುರದ ಮಾರ್ಗವಾಗಿ ಮೇಲುಕೋಟೆಗೆ ಹೋಗಿ, ಯೋಗಾನರಸಿಂಹಸ್ವಾಮಿಯ ಬೆಟ್ಟವನ್ನು ಹತ್ತತೊಡಗಿದೆನು. ಮೊದಲ ಮೆಟ್ಟಿಲುಗಳಲ್ಲಿ ಲೆಕ್ಕಾಚಾರವೂ ಜೊತೆಗೂಡಿ ಬರುತ್ತಿತ್ತು; ಏರುತ್ತ ಏರುತ್ತ ಉಸಿರಿನ ಹೊರತು ಬೇರೊಂದು ಮಾತು ಉಳಿಯುತ್ತಿರಲಿಲ್ಲ.

‘ಮಲೆದೇಗುಲ’ದ ಕವಿ ಪು. ತಿ. ನರಸಿಂಹಾಚಾರ್ಯರು (1905–1998) ಹುಟ್ಟಿದುದು ಈ ಊರಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು. ಅವರಿಗೆ ಈ ಮಲೆಯು ಕಾವ್ಯವನ್ನಿತ್ತಿತು. ನನಗಿತ್ತುದು ಸಣ್ಣದೊಂದು ತಿಳಿವು. ಮೇಲೆ ನಿಂತು ನೋಡುವವನಿಗೆ ಕೆಳಗಿನ ಹೊಲಗದ್ದೆಗಳು ಯಾರವೆಂಬುದು ಕಾಣದು. ಹಸುರಾಗಿವೆಯೋ ಬೀಳುಬಿದ್ದಿವೆಯೋ ಎಂಬುದು ಮಾತ್ರ ಕಾಣುವುದು.

ಅಂದು ಇಳಿಯುವಾಗ ದಾರಿ ತಿಳಿಯಿತು. ಗದ್ದೆಯನ್ನು ಮಾರಲಿಲ್ಲ, ಉದ್ಯೋಗವನ್ನೂ ಬಿಡಲಿಲ್ಲ. ಊರಿನಲ್ಲಿಯೇ ಉಳಿದಿರುವ ಚಿಕ್ಕಪ್ಪನ ಮಗನಿಗೆ ಸಾಗುವಳಿಯನ್ನು ಒಪ್ಪಿಸಿದೆನು. ಈ ಸಲ ಅಲ್ಲಿ ಭತ್ತವು ತೆನೆಗಟ್ಟಿದೆ.